ಹುಣಸೆಹಣ್ಣಿನಲ್ಲಿ ಬೆಳಗಿದ ಫ್ಲೋಟು

ಆ ವರ್ಷದ ಆಯುಧಪೂಜೆ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಮುದ್ದೆ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಬರೀ ಮುದ್ದೆಯಲ್ಲ. ಸಾರು, ಮಜ್ಜಿಗೆ, ಕುಡಿಯುವ ನೀರು, ಒಣಗಿಸಿ ಮಡಿಚಿಟ್ಟ ಸೀರೆ, ತಲೆದಿಂಬು, ಎಲ್ಲವೂ. ಪೆಟ್ರೋಲಿನ ವಾಸನೆ ಹಿತವೆನ್ನುವವರು ಇದ್ದಾರೆಂದು ಕೇಳಿದ್ದೇನೆ. ಅವರು ಅದನ್ನು ಹುರುಳಿಕಾಳಿನ ಸಾರಿನ ಜೊತೆ ಉಂಡಿರಲಾರರು. ನಾನು ಮೊದಲ ತುತ್ತು ನುಂಗಿ, ಎರಡನೆಯದನ್ನು ತಟ್ಟೆಯ ಅಂಚಿಗೆ ಒರೆಸಿ, ಹಸಿವಿಲ್ಲ ಎಂದು ಹೇಳಿ ಎದ್ದುಬಿಡುತ್ತಿದ್ದೆ. ಅತ್ತಿಗೆ ಮಾತ್ರ ತಟ್ಟೆ ಖಾಲಿ ಮಾಡುತ್ತಿದ್ದಳು. ಆ ವಾಸನೆ ಮನೆಯೊಳಕ್ಕೆ ಬಂದದ್ದು ತನ್ನಿಂದ ಎಂದು ಅವಳಿಗೆ ಆಗಲೇ ಎಲ್ಲರೂ ಸೇರಿ ಹೇಳಿಯಾಗಿತ್ತು.

ಗಾಡಿ ನನ್ನ ಅಣ್ಣನದು. ಸತ್ಯಮಂಗಲದಲ್ಲಿ ಯಾರೋ ಕಂಟ್ರಾಕ್ಟರು ಓಡಿಸಿ ಸಾಕಾಗಿ ಬಿಟ್ಟಿದ್ದ ಹಳೆಯ ಭಾರೀ ಮೋಟಾರ್ ಸೈಕಲ್ಲು. ದಿಂಬಂ ಘಾಟಿ ಹತ್ತಿಸಿಕೊಂಡು ಅದನ್ನು ನಮ್ಮೂರು ಪಣಕಹಳ್ಳಿಗೆ ತಂದ ಮೇಲೆ ಅಣ್ಣ ಹೊಲಕ್ಕೆ ನಡೆದು ಹೋಗುವುದನ್ನೇ ಬಿಟ್ಟಿದ್ದ. ಹೊಲ ಮನೆಯ ಹಿಂದೆಯೇ ಇತ್ತು. ಹತ್ತಿರದ ಪೇಟೆ ತಾಳವಾಡಿಯಲ್ಲಿ ಪೆಟ್ರೋಲ್ ಸಿಗುತ್ತಿರಲಿಲ್ಲ, ಚಾಮರಾಜನಗರದಿಂದ ಕ್ಯಾನಿನಲ್ಲಿ ತಂದು ರಾಗಿಯ ಕೋಣೆಯಲ್ಲಿ ಇಡುತ್ತಿದ್ದರು. ಗಾಡಿ ಮಾತ್ರ ಜಗಲಿಯ ಮೇಲೆಯೇ ನಿಲ್ಲಬೇಕು, ದಾರಿಯಲ್ಲಿ ಹೋಗುವವರಿಗೆ ಕಾಣಬೇಕು. ಅದಕ್ಕಾಗಿ ಜಗಲಿಯ ಮೆಟ್ಟಿಲನ್ನು ಒಡೆದು ಇಳಿಜಾರು ಮಾಡಿಸಿದ್ದ. ಅವ್ವ ಅದರ ಮೇಲೆ ಕಾಲು ಜಾರಿ ಬಿದ್ದ ಮೇಲೂ ಇಳಿಜಾರು ಹಾಗೆಯೇ ಇತ್ತು.

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಮುಗಿಸಿ, ಕೆಲಸ ಗೊತ್ತಾಗುವವರೆಗೆ ಎಂದು ಊರಿಗೆ ಬಂದಿದ್ದೆ. ಅಪ್ಪ ತೀರಿಕೊಂಡಿದ್ದರಿಂದ ಮನೆಗೆ ದೊಡ್ಡಪ್ಪ ಯಜಮಾನ. ಅವನ ಕೆಳಗೆ ಅಣ್ಣ. ಉಳಿದವರು ನಾವು ಹೆಂಗಸರು, ಅವ್ವ, ಅತ್ತಿಗೆ, ನಾನು. ಮಾತಾಡದೆ ಇರುವುದು ನನಗೆ ಕಷ್ಟವಲ್ಲ, ಆದ್ದರಿಂದ ದಿನಗಳು ಹೇಗೋ ಸಾಗುತ್ತಿದ್ದವು.

ಅತ್ತಿಗೆಯ ತವರು ಚಾಮರಾಜನಗರದ ಆಚೆ. ಅವಳ ತಾಯಿಗೆ ಆ ಸಲದ ಕಣ್ಣಿನ ಕ್ಯಾಂಪಿನಲ್ಲಿ ಪೊರೆ ತೆಗೆದಿದ್ದರು. ಹಬ್ಬ ಕಳೆದ ಮೇಲೆ ಬುಧವಾರ ಪಟ್ಟಿ ಬಿಚ್ಚುತ್ತಾರೆಂದು ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿಕಳಿಸಿದ್ದರು. ಆ ಮುದುಕಿ ಎರಡು ವರ್ಷದಿಂದ ಮಗಳ ಮುಖವನ್ನು ಸರಿಯಾಗಿ ಕಂಡಿರಲಿಲ್ಲ. ಪಟ್ಟಿ ಬಿಚ್ಚಿದಾಗ ಮೊದಲು ಕಾಣುವುದು ಮಗಳ ಮುಖವೇ ಆಗಬೇಕೆಂದು ಹಟ ಹಿಡಿದಿದ್ದಳಂತೆ. ಅತ್ತಿಗೆ ಕೇಳಿದ್ದು ಅದೊಂದನ್ನೇ. ಅಣ್ಣ ಒಪ್ಪಿದ, ಆದರೆ ಬಸ್ಸು ಬೇಡವೆಂದ. ನಮ್ಮ ಮನೆಯ ಹೆಂಗಸು ಕೂಲಿಯವರ ಮಧ್ಯೆ ನೇತಾಡಿಕೊಂಡು ಹೋಗುವುದು ಬೇಡ, ಗಾಡಿಯಲ್ಲಿ ತಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಅತ್ತೆಮನೆಯ ಕಡೆಯವರು ಗಾಡಿಯನ್ನು ಇನ್ನೂ ನೋಡಿರಲಿಲ್ಲ. ಅತ್ತಿಗೆಯ ತಾಯಿಯ ಕಣ್ಣಿಗಿಂತ ಅದು ಅವನಿಗೆ ಮುಖ್ಯವಾಗಿತ್ತೆಂದು ನಾನು ಈಗಲೂ ನಂಬುತ್ತೇನೆ.

ಶನಿವಾರ ಮಧ್ಯಾಹ್ನ ಅವನು ಜಗಲಿಯ ಮೇಲೆ ಹಳೇ ಪಂಚೆ ಹಾಸಿ ಕಾರ್ಬುರೇಟರ್ ಬಿಚ್ಚಿದ. ಅದಕ್ಕೇನೂ ಆಗಿರಲಿಲ್ಲ. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಹಬ್ಬಕ್ಕೆ ಕುಡುಗೋಲು, ನೇಗಿಲಿನ ಗುಳ, ಪಂಪ್‌ಸೆಟ್ಟು ಎಲ್ಲವನ್ನೂ ಬಿಚ್ಚಿ ತೊಳೆದು ಪೂಜೆಗೆ ಇಡುವುದು ನಮ್ಮಲ್ಲಿ ಪದ್ಧತಿ, ಗಾಡಿಯನ್ನು ಮೇಲಿಂದ ಒರೆಸಿ ಬಿಡುವುದು ಅವನಿಗೆ ಸಾಲದಾಯಿತು. ಒಳಗಿನಿಂದ ಸಣ್ಣ ಸಣ್ಣ ಸಾಮಾನು ಹೊರಬಂದವು. ಅವುಗಳಲ್ಲಿ ಹೆಚ್ಚಿನವು ಹಿತ್ತಾಳೆ. ಕಪ್ಪು ಹಿಡಿದಿದ್ದವು.

ಆ ಹೊತ್ತಿಗೆ ಅತ್ತಿಗೆ ಹಿತ್ತಲಲ್ಲಿ ದೇವರ ಸಾಮಾನು ಬೆಳಗುತ್ತಿದ್ದಳು. ದೀಪ, ಗಿಂಡಿ, ತಟ್ಟೆ, ಗಂಟೆ. ನಮ್ಮಲ್ಲಿ ಹಿತ್ತಾಳೆ ಬೆಳಗುವುದೆಂದರೆ ನೆನೆಸಿದ ಹುಣಸೆಹಣ್ಣು, ಒಲೆಯ ಬೂದಿ, ಮೇಲೆ ನುಣ್ಣಗೆ ಕುಟ್ಟಿದ ಇಟ್ಟಿಗೆಯ ಪುಡಿ. ತೆಂಗಿನ ನಾರಿನಲ್ಲಿ ತೋಳು ಬೀಳುವಂತೆ ಉಜ್ಜಬೇಕು. ಅಣ್ಣ ಎರಡೂ ಕೈಯಲ್ಲಿ ಆ ಸಣ್ಣ ಸಾಮಾನು ತಂದು ಅವಳ ಮುಂದಿನ ಬೋಗುಣಿಗೆ ಸುರಿದ.

"ಇತ್ತಾಳೆ ತಾನೇ ಇದೂವೆ? ದೇವ್ರ ಸಾಮಾನ್ ಜೊತ್ಗೆ ಇದ್ನೂ ಬೆಳ್ಗ್ಬುಡು. ಪಳಪಳ ಅನ್ಬೇಕು," ಎಂದ.

ಅವಳು ಬೆಳಗಿದಳು. ಅವಳು ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ. ಅದರಲ್ಲಿ ಒಂದು, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ, ಟೊಳ್ಳಾದ, ತೆಳ್ಳನೆಯ ಹಿತ್ತಾಳೆಯ ಡಬ್ಬಿ. ಅದು ಫ್ಲೋಟು. ಕಾರ್ಬುರೇಟರಿನ ಬಟ್ಟಲಿನೊಳಗೆ ಪೆಟ್ರೋಲಿನ ಮೇಲೆ ತೇಲುವುದೇ ಅದರ ಕೆಲಸ. ಪೆಟ್ರೋಲ್ ಏರಿದಂತೆ ಅದೂ ಏರಿ, ಒಂದು ಮೊನಚಾದ ಸೂಜಿಯನ್ನು ಮೇಲಕ್ಕೆ ಒತ್ತುತ್ತದೆ. ಸೂಜಿ ಹೋಗಿ ಪೆಟ್ರೋಲ್ ಬರುವ ತೂತನ್ನು ಮುಚ್ಚುತ್ತದೆ. ಅಷ್ಟೇ. ಅತ್ತಿಗೆ ಅದನ್ನು ದೇವರ ದೀಪದ ಮಟ್ಟಕ್ಕೆ ತಂದಳು. ಭಾನುವಾರ ಬೆಳಿಗ್ಗೆ ಗುಳ, ಕುಡುಗೋಲುಗಳ ಪಕ್ಕದಲ್ಲಿ, ಬಾಳೆಲೆಯ ಮೇಲೆ, ಫ್ಲೋಟು, ಸೂಜಿ, ಪೆಟ್ರೋಲ್ ಚಿಮ್ಮಿಸುವ ಸಣ್ಣ ತೂತಿನ ಜೆಟ್ಟುಗಳೆಲ್ಲ ಮೂರು ಬೆರಳಿನ ವಿಭೂತಿ ಹಚ್ಚಿಕೊಂಡು ಕೂತಿದ್ದವು. ದೊಡ್ಡಪ್ಪ ಅವಕ್ಕೂ ಕಾಯಿ ಒಡೆದ. ಕಾಯಿಯ ನೀರು ಸ್ವಲ್ಪ ಅವುಗಳ ಮೇಲೂ ಬಿತ್ತು.

ಊಟವಾದ ಮೇಲೆ ಅಣ್ಣ ಎಲ್ಲವನ್ನೂ ಜೋಡಿಸಿ ಪೆಟ್ರೋಲಿನ ನಲ್ಲಿ ತಿರುಗಿಸಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಬಟ್ಟಲಿನ ಕೆಳಗಿನ ಕೊಳವೆಯಿಂದ ಪೆಟ್ರೋಲ್ ಸಣ್ಣಗೆ, ನಿಲ್ಲದೆ, ಸುರಿಯತೊಡಗಿತು. ಜಗಲಿಯ ಸಗಣಿ ಸಾರಿಸಿದ ನೆಲ ಅದನ್ನು ಕುಡಿದು ಕಪ್ಪಾಯಿತು. ಅಣ್ಣ ಕೂಗಿದ. ಅತ್ತಿಗೆ ಕೈಗೆ ಸಿಕ್ಕ ಪಾತ್ರೆ ತಂದು ಕೆಳಗೆ ಹಿಡಿದಳು. ಅದು ಅವಳ ಮದುವೆಯಲ್ಲಿ ತವರಿನಿಂದ ಬಂದ ಹಿತ್ತಾಳೆ ಚೊಂಬು. ನಾವು ಕುಡಿಯುವ ನೀರು ತುಂಬಿಡುತ್ತಿದ್ದುದು ಅದರಲ್ಲೇ.

ಅಲ್ಲಿಂದ ಮುಂದೆ ಜಗಲಿಯ ಮೇಲೆ ಗಂಡಸರು ಕಡಿಮೆಯಾಗಲೇ ಇಲ್ಲ. ಹಬ್ಬದ ದಿನ, ಯಾರಿಗೂ ಕೆಲಸವಿಲ್ಲ. ಮೊದಲು ಬಂದವನು ಎದುರುಮನೆಯವನು. ಪಂಪ್‌ಸೆಟ್ ಬಿಚ್ಚಿ ಕಟ್ಟುವುದರಲ್ಲಿ ಅವನಿಗೆ ಸುತ್ತಲೂ ಹೆಸರು. ಬಾಯಿ ತುಂಬ ಎಲೆಯಡಿಕೆ. ಬಂದವನೇ ಗಾಡಿಯ ಸುತ್ತ ಒಂದು ಸುತ್ತು ಹಾಕಿ ನಕ್ಕ.

"ನಿನ್ ಗಾಡಿ ಕುಡುಕ್ನಾಗದ ಕಣ್ಲಾ. ಕುಡ್ದುದ್ನೆಲ್ಲಾ ನಿಂತಲ್ಲೇ ಉಚ್ಚೆ ಉಯ್ತಾ ಅದ."

ಎಲ್ಲರೂ ನಕ್ಕರು. ಆ ಮಾತು ಸಂಜೆಯವರೆಗೂ ಬಾಯಿಂದ ಬಾಯಿಗೆ ಹೋಯಿತು. ಒಳಗೆ ನಾವು ಸೊಪ್ಪು ಬಿಡಿಸುತ್ತಿದ್ದೆವು. ಅದನ್ನು ಪ್ರತಿ ಸಲವೂ ಕೇಳಬೇಕಾಯಿತು.

ಎದುರುಮನೆಯವನು ಬಟ್ಟಲು ಬಿಚ್ಚಿ, ಜೆಟ್ಟನ್ನು ತುಟಿಗಿಟ್ಟುಕೊಂಡು ಊದಿದ. ಎಲೆಯಡಿಕೆಯ ಕೆಂಪು ರಸ ಅದರೊಳಗೆ ಹೋಯಿತು. ಆಮೇಲೆ ಪೆಟ್ರೋಲಿನ ಟ್ಯೂಬನ್ನು ಬಾಯಿಗಿಟ್ಟುಕೊಂಡು ಹೀರಿ, ಬಾಯಿಗೆ ಬಂದದ್ದನ್ನು ಜಗಲಿಯ ಅಂಚಿನಲ್ಲಿ ಉಗಿದು, ಮತ್ತೆ ಊದಿದ. ಅವನಿಗೆ ಸಾಕಾದ ಮೇಲೆ ಅಣ್ಣ ಅದೇ ಟ್ಯೂಬನ್ನು ತನ್ನ ಬಾಯಿಗಿಟ್ಟುಕೊಂಡ. ಇನ್ಯಾರೋ ವಾಷರ್ ಹೋಗಿದೆ ಎಂದರು. ಹಳೇ ಚಪ್ಪಲಿಯ ರಬ್ಬರನ್ನು ಕತ್ತರಿಸಿ ವಾಷರ್ ಮಾಡಿ ಬಟ್ಟಲಿಗೆ ಹಾಕಿದರು. ಪೆಟ್ರೋಲಿನಲ್ಲಿ ಅದು ಉಬ್ಬಿ, ಸತ್ತ ಹಲ್ಲಿಯ ಹೊಟ್ಟೆಯಂತಾಯಿತು. ಬಟ್ಟೆ ಒಗೆಯುವ ಸೋಪು ಮೆತ್ತಿದರು. ಅದು ಕರಗಲಿಲ್ಲ, ಆದರೆ ಪೆಟ್ರೋಲ್ ಬರುತ್ತಿದ್ದುದು ಬಿರುಕಿನಿಂದಲ್ಲ, ಹೆಚ್ಚಾದ ಪೆಟ್ರೋಲ್ ಹೊರಹೋಗಲೆಂದೇ ಇಟ್ಟ ಕೊಳವೆಯಿಂದ. ಅದನ್ನು ಒಬ್ಬರೂ ನೋಡಲಿಲ್ಲ. ಒಬ್ಬ ಆ ಕೊಳವೆಯ ಬಾಯಿಗೇ ಬೇವಿನ ಕಡ್ಡಿ ಜಡಿದ. ಆಗ ಪೆಟ್ರೋಲ್ ಗಾಳಿ ಎಳೆಯುವ ಕಡೆಯಿಂದ ಬಂದು ಅವನ ಕಾಲಿನ ಮೇಲೆ ಸುರಿಯಿತು. ಗಾಡಿ ತಳ್ಳಿ ನೋಡೋಣವೆಂದು ಹೊಲದ ಆಳುಗಳನ್ನು ಕರೆದರು. ಅವರು ತಳ್ಳಿದರು. ಪೂಜೆಯಾದ ಗಾಡಿಯ ಹ್ಯಾಂಡಲ್ ಮುಟ್ಟಬೇಡಿ, ಹಿಂದಿನಿಂದ ತಳ್ಳಿ ಎಂದು ದೊಡ್ಡಪ್ಪ ಅಂಗಳದಿಂದ ಹೇಳುತ್ತಿದ್ದ.

ಚೊಂಬು ತುಂಬಿದಾಗಲೆಲ್ಲ ಅತ್ತಿಗೆ ಅದನ್ನು ಒಳಗೆ ತಂದು ಕ್ಯಾನಿಗೆ ಸುರಿಯುತ್ತಿದ್ದಳು. ಹಾಗೆ ಸುರಿಯುತ್ತ ಸುರಿಯುತ್ತ ವಾಸನೆ ಅಡಿಗೆಮನೆಗೆ ಬಂತು.

ವಿಜಯದಶಮಿಯ ಬೆಳಿಗ್ಗೆ ದೊಡ್ಡಪ್ಪ ತನ್ನ ತೀರ್ಮಾನ ಹೇಳಿದ. ಅವನು ಒಂದು ದಿನವೆಲ್ಲ ನೋಡಿದ್ದ, ಅವನಿಗೆ ಬೇರೆ ಕಾರಣ ಕಾಣಲಿಲ್ಲ.

"ಚೆಂದಾಗಿದ್ದ ಗಾಡಿ ಪೂಜೆ ಆದ್ಮ್ಯಾಲೆ ಯಾಕ್ಲಾ ಕೆಡ್ತದ? ಯಾರ್ ಮುಟ್ಟುದ್ರು ಅದ್ನ ಕೇಳು ಮೊದ್ಲು."

ಅಣ್ಣ ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಮುಟ್ಟಿದವಳು ಯಾರೆಂದು ಅವನಿಗೆ ಗೊತ್ತಿತ್ತು. ಮುಟ್ಟಲು ಹೇಳಿದವನು ಯಾರೆಂಬುದೂ ಗೊತ್ತಿತ್ತು. ಎರಡನೆಯದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಅವ್ವ ಒಳಗೆ ಬಂದು ಅತ್ತಿಗೆಯ ಎದುರು ಕೂತು ಬೆರಳಿನ ಗೆಣ್ಣುಗಳ ಮೇಲೆ ಅವಳ ಮುಟ್ಟಿನ ದಿನಗಳನ್ನು ಎಣಿಸತೊಡಗಿದಳು. ಎಣಿಸುವಾಗ ತುಟಿ ಅಲ್ಲಾಡುತ್ತಿತ್ತು. ಎಣಿಸಿ ಮುಗಿಸಿ ನನ್ನ ಕಡೆ ತಿರುಗಿದಳು. ನಾನು ಕೈಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿ ಎದ್ದುಹೋದೆ. ಆ ಲೆಕ್ಕವನ್ನು ನಾನು ಅವಳಿಗೆ ಕೊಡಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಅವ್ವ ಬಾಗಿಲಿಗೆ ಹೋಗಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಜಗಲಿಯ ತುಂಬ ಕೂತಿದ್ದ ಗಂಡಸರಿಗೆ ಕೇಳುವಂತೆ ಹೇಳಿದಳು. ಸೊಸೆ ಹೊರಗಾಗಿಲ್ಲ, ಆಗುವ ಕಾಲ ಹತ್ತಿರವಿದೆ, ಅಷ್ಟೇ.

"ಆಗಿದ್ರೂ ಅಷ್ಟೆಯ, ಆಗಕಾಲ ಅಂದ್ರೂ ಅಷ್ಟೆಯ," ಎಂದ ದೊಡ್ಡಪ್ಪ.

ಎದುರುಮನೆಯವನು ಹೌದೆಂದು ತಲೆ ಆಡಿಸಿ ಪಿಚಕ್ಕನೆ ಉಗಿದ. ನಾನು ನಡುಮನೆಯ ಕಿಟಕಿಯ ಬಳಿ ನಿಂತಿದ್ದೆ. ಒಬ್ಬ ಹೆಂಗಸಿನ ಮೈಯ ವಿಚಾರವನ್ನು ಹೊರಗೆ ಆರೇಳು ಜನ ಸ್ಪಾನರ್ ಹಿಡಿದುಕೊಂಡು ಮಾತಾಡುತ್ತಿದ್ದರು. ಕಿಟಕಿಯ ಬಾಗಿಲು ಎಳೆದುಕೊಂಡೆ. ಪೆಟ್ರೋಲಿನ ವಾಸನೆಗೆ ಎಂದುಕೊಳ್ಳಲು ನೋಡಿದೆ. ವಾಸನೆಗಲ್ಲ.

ಅಯ್ನೋರನ್ನು ಕರೆಸಿದರು. ಶ್ರಾವಣದಲ್ಲಿ ನಮ್ಮ ಮನೆಯ ನಡುಮನೆಯಲ್ಲೇ ಕೂತು ಪುರಾಣ ಹೇಳುವವರು ಅವರು. ಕೊರಳಲ್ಲಿ ಲಿಂಗವಿದ್ದವರಿಗೆ ಸೂತಕವಿಲ್ಲ, ಮುಟ್ಟಿನ ಸೂತಕವೂ ಇಲ್ಲ ಎಂದು ಅವರ ಬಾಯಲ್ಲೇ ನಾನು ಚಿಕ್ಕಂದಿನಿಂದ ಕೇಳಿದ್ದೆ. ಮನುಷ್ಯರಿಗಿಲ್ಲದ ಸೂತಕ ಮೋಟಾರ್ ಸೈಕಲ್ಲಿಗೆ ಇತ್ತು. ಅವರು ಕೆಟ್ಟವರಲ್ಲ. ವಿಷಯ ಕೇಳಿ ಗಾಡಿಯನ್ನು ನೋಡಿದರು, ದೊಡ್ಡಪ್ಪನ ಮುಖ ನೋಡಿದರು. ಆಮೇಲೆ ತೀರ್ಥ ಚಿಮುಕಿಸಿದರು. ಅಷ್ಟು ಸಾಲದೆಂದು ಅಣ್ಣ ಬಟ್ಟಲನ್ನು ಬಿಚ್ಚಿ ಅವರ ಮುಂದೆ ಹಿಡಿದ. ಅದರೊಳಗೂ ಒಂದು ಉದ್ಧರಣೆ ತೀರ್ಥ ಬಿಟ್ಟರು. ಆಮೇಲೆ ಪೆಟ್ರೋಲ್ ಮೊದಲಿನಂತೆಯೇ ಸೋರಿತು. ಜೊತೆಗೆ ಎಂಜಿನ್ನಿಗೆ ನೀರು ಹೋಗಿ, ಅದುವರೆಗೆ ಕೆಮ್ಮಿಕೊಂಡಾದರೂ ಹೊತ್ತುತ್ತಿದ್ದ ಗಾಡಿ ಪೂರ್ತಿ ಸುಮ್ಮನಾಯಿತು. ಅಯ್ನೋರು ಹಾಲು ಕುಡಿದು ಹೋದರು. ಹಾಲಿನಲ್ಲೂ ವಾಸನೆ ಇತ್ತೆಂದು ಅವರ ಮುಖ ಹೇಳುತ್ತಿತ್ತು.

ಮಧ್ಯಾಹ್ನ ಗಂಡಸರು ಉಣ್ಣಲು ಅವರವರ ಮನೆಗೆ ಹೋದರು. ನಾನು ಹಿತ್ತಲಿಗೆ ಹೋದೆ. ಅತ್ತಿಗೆ ಕಲ್ಲಿನ ಮೇಲೆ ಕೂತು ತನ್ನ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಉಜ್ಜಿ, ತೊಳೆದು, ಮೂಗಿನ ಹತ್ತಿರ ಹಿಡಿದು ನೋಡಿ, ಮತ್ತೆ ಉಜ್ಜುತ್ತಿದ್ದಳು. ಕೈಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಎಷ್ಟ್ ಉಜ್ಜುದ್ರೂ ಈ ನಾತ ಓಗದಿಲ್ಲ ಕಣವ್ವ," ಎಂದಳು. ಮತ್ತೆ ಉಜ್ಜುತ್ತ, ತಲೆ ಎತ್ತದೆ, "ಬೆಳ್ಗು ಅಂದ್ರು, ಬೆಳ್ಗುದೆ. ಅದ್ಕ ಯಾನ್ ಬೇಕಾದ್ರೂ ಅನ್ಲಿ. ಬುಧ್ವಾರ ಮಾತ್ರ ನಾ ನಮ್ಮವ್ವನ್ ಎದ್ರುಗಿರ್ಬೇಕು. ಗಾಡಿ ಆಗ್ನಿಲ್ಲ ಅಂದ್ರ ನಿಮ್ಮಣ್ಣ ನನ್ನ ಕಳ್ಸದಿಲ್ಲ," ಎಂದಳು.

ಅವಳು ಅತ್ತಿದ್ದರೆ ನಾನು ಅಲ್ಲಿಂದ ಎದ್ದು ಬರುತ್ತಿದ್ದೆನೇನೋ. ಅವಳು ಅಳಲಿಲ್ಲ. ಚೊಂಬನ್ನು ಮತ್ತೆ ಮೂಸಿ ನೋಡಿದಳು.

ನಾನು ಜಗಲಿಗೆ ಹೋದೆ. ಪಂಚೆಯ ಮೇಲೆ ಎಲ್ಲವೂ ಬಿಚ್ಚಿಕೊಂಡು ಬಿದ್ದಿತ್ತು. ಸೋಪಿನ ಚೂರು, ಬೀಡಿಯ ತುಂಡು, ಉಬ್ಬಿದ ರಬ್ಬರು, ಎಲೆಯಡಿಕೆಯ ಕಲೆ. ಮುಟ್ಟಲು ಅಸಹ್ಯವಾಯಿತು. ಸೆರಗಿನ ತುದಿಯಿಂದ ಫ್ಲೋಟನ್ನು ಎತ್ತಿಕೊಂಡು ಒರೆಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಟೊಳ್ಳಾದ, ಎಲ್ಲ ಕಡೆ ಮುಚ್ಚಿದ ಡಬ್ಬಿಯಲ್ಲಿ ಸದ್ದು ಬರಬಾರದು. ಒಳಗೆ ಏನೋ ತುಳುಕಿತು. ಪೆಟ್ರೋಲ್ ಅದರೊಳಕ್ಕೆ ಹೋಗಿತ್ತು. ಒಳಗೆ ಪೆಟ್ರೋಲ್ ತುಂಬಿಕೊಂಡ ಫ್ಲೋಟು ತೇಲುವುದಿಲ್ಲ, ಮುಳುಗುತ್ತದೆ. ಮುಳುಗಿದರೆ ಸೂಜಿ ಮೇಲೆ ಹೋಗುವುದಿಲ್ಲ, ತೂತು ಮುಚ್ಚುವುದಿಲ್ಲ. ಟ್ಯಾಂಕಿನಲ್ಲಿ ಇರುವಷ್ಟೂ ಸೋರುತ್ತದೆ.

ತೂತು ಕಣ್ಣಿಗೆ ಕಾಣುತ್ತಿರಲಿಲ್ಲ. ಬಚ್ಚಲಿನ ಹಂಡೆಯಿಂದ ಚೆನ್ನಾಗಿ ಕಾದ ನೀರನ್ನು ಒಂದು ಹಳೇ ಬೋಗುಣಿಗೆ ತೋಡಿಕೊಂಡು, ಒಲೆಯಿಂದ ದೂರ, ಹಿತ್ತಲಿನ ಕೊನೆಯ ಬೇಲಿಯ ಹತ್ತಿರ ಇಟ್ಟೆ. ಫ್ಲೋಟನ್ನು ಕಡ್ಡಿಯಿಂದ ನೀರಿನೊಳಕ್ಕೆ ಒತ್ತಿ ಹಿಡಿದೆ. ಬಿಸಿಗೆ ಒಳಗಿನದು ಉಬ್ಬಿ ಹೊರಬರಲೇಬೇಕು. ಬಂತು. ಎರಡು ಅರ್ಧ ಸೇರುವ ಬೆಸುಗೆಯ ಗೆರೆಯ ಒಂದೇ ಜಾಗದಿಂದ ಸಾಸಿವೆಯಂಥ ಗುಳ್ಳೆಗಳು, ಒಂದರ ಹಿಂದೊಂದು. ಪಕ್ಕದಲ್ಲಿ ಅತ್ತಿಗೆ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು.

"ಉಸ್ರಾಡ್ತಾ ಅದಲ್ಲ," ಎಂದಳು.

ಅಣ್ಣನನ್ನೂ ದೊಡ್ಡಪ್ಪನನ್ನೂ ಅವಳೇ ಹೋಗಿ ಕರೆತಂದಳು. ನಾನು ಇನ್ನೊಂದು ಸಲ ಬಿಸಿನೀರು ತಂದು ತೋರಿಸಿದೆ. ಇಟ್ಟಿಗೆಯ ಪುಡಿ ಹಾಕಿ ಉಜ್ಜಿದರೆ ತೆಳು ಹಿತ್ತಾಳೆ ಸವೆಯುತ್ತದೆ, ಬೆಸುಗೆ ಬಿಡುತ್ತದೆ, ಇದು ಪೆಟ್ರೋಲಿನಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸಬೇಕಾದ ಸಾಮಾನು ಎಂದು ಹೇಳಿದೆ. ಇಷ್ಟನ್ನು ಹೇಳುವಾಗ ನನ್ನ ಧ್ವನಿ ಸರಿಯಾಗಿಯೇ ಇತ್ತು. ಆಮೇಲೆ ಹೇಳಬಾರದೆಂದುಕೊಂಡಿದ್ದನ್ನೂ ಹೇಳಿದೆ.

"ಬೆಳ್ಗು ಅಂದೋನು ನೀನೇ ಅಣ್ಣ. ಅವ್ಳ ದಿನ ಎಣಿಸ್ಕೊಂಡು ಕೂತಿದ್ದೀರಿ."

ಅಣ್ಣ ಬೋಗುಣಿಯನ್ನೇ ನೋಡುತ್ತಿದ್ದ. ಗುಳ್ಳೆಗಳು ಕಡಿಮೆಯಾಗುತ್ತ ಬಂದವು. ದೊಡ್ಡಪ್ಪನಿಗೆ ಮಾತ್ರ ಉತ್ತರ ಸಿಕ್ಕಿತು.

"ತೂತು ಸುಮ್ಸುಮ್ಕ ಆದದಾ? ಅದ್ಕೂ ಒಂದ್ ಕಾರ್ಣ ಇರ್ತದ ಕಣವ್ವ," ಎಂದು ಹೇಳಿ, ಕೈ ಹಿಂದೆ ಕಟ್ಟಿಕೊಂಡು ಹೋದ.

ಮಂಗಳವಾರ ಅಣ್ಣ ಫ್ಲೋಟನ್ನು ಜೇಬಿನಲ್ಲಿಟ್ಟುಕೊಂಡು ತಾಳವಾಡಿಗೆ ಹೋದ. ಹೋದದ್ದು ಬಸ್ಸಿನಲ್ಲಿ, ಬಾಗಿಲಿನಲ್ಲಿ ನೇತಾಡಿಕೊಂಡು. ಹೊರಡುವ ಮುಂಚೆ ನಾನು, ಬೆಸುಗೆ ಹಾಕುವವನು ಕಾಯಿಸುವ ಮೊದಲು ಒಳಗೆ ಒಂದು ಹನಿಯೂ ಪೆಟ್ರೋಲ್ ಇರಬಾರದು, ಇದ್ದರೆ ಮುಖಕ್ಕೆ ಸಿಡಿಯುತ್ತದೆ ಎಂದು ಮತ್ತೆ ಬಿಸಿನೀರಿನಲ್ಲಿ ಹಿಡಿದು, ಬಿಸಿಲಿಗಿಟ್ಟು, ಅಲ್ಲಾಡಿಸಿ ನೋಡಿ ಅವನ ಮುಂದೆ ಹಿಡಿದಿದ್ದೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಕಟ್ಟೆಯ ಮೇಲೆ ಇಡಿಸಿ, ಅಲ್ಲಿಂದ ತೆಗೆದುಕೊಂಡ.

ತಾಳವಾಡಿಯ ಸ್ಟವ್ ರಿಪೇರಿ ಅಂಗಡಿಯಲ್ಲಿ ತೂತಿಗೆ ಈಯದ ಬೆಸುಗೆ ಹಾಕಿಸಿಕೊಂಡು ಸಂಜೆಗೆ ಮುಂಚೆ ಬಂದ. ಕಾಣದಷ್ಟು ಸಣ್ಣ ತೂತಿನ ಮೇಲೆ ಕಡಲೆಬೀಜದಷ್ಟು ಈಯ ಕೂತಿತ್ತು. ಬಟ್ಟಲಿನ ನೀರು ಒರೆಸಿ, ಜೋಡಿಸಿ ನಲ್ಲಿ ತಿರುಗಿಸಿದ. ಧಾರೆ ನಿಂತಿತ್ತು. ಹನಿ ನಿಂತಿರಲಿಲ್ಲ. ಜಗಲಿಯ ಗಂಡಸರು ನಾಲಿಗೆಯಲ್ಲಿ ಚ್ ಚ್ ಎಂದರು. ನಾನು ಬಾಗಿಲ ಒಳಗೆ ನಿಂತು, ಈಯದ ಭಾರಕ್ಕೆ ಫ್ಲೋಟು ತಗ್ಗಿ ತೇಲುತ್ತಿದೆ, ಹೆಚ್ಚಾದ ಈಯವನ್ನು ಅರದಿಂದ ಉಜ್ಜಿ ತೆಗೆಯಬೇಕು, ಸೂಜಿ ಕೂರುವ ತೂತಿನಲ್ಲಿ ಕಸ ಇದೆಯೇ ನೋಡಬೇಕು ಎಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಎದುರುಮನೆಯವನು ಸ್ವಲ್ಪ ಹೊತ್ತು ಅಗಿದು, ಅದೇ ಮಾತನ್ನು ತನ್ನ ಮಾತಿನಂತೆ ಅಣ್ಣನಿಗೆ ಹೇಳಿದ. ಆಗ ಅಣ್ಣ ಕುಡುಗೋಲಿನ ಅರ ತಂದ.

ಈಯ ಉಜ್ಜಿ ತೆಗೆದ ಮೇಲೆ ಅವನು ಸೂಜಿಯ ತೂತಿಗೆ ಗುಂಡುಸೂಜಿಯ ತಲೆ ಹಾಕಿ ಮೆಲ್ಲಗೆ ತಿರುಗಿಸಿದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಇಟ್ಟಿಗೆಯ ಕೆಂಪು ಪುಡಿ ಬಂತು. ಅದರ ಹಿಂದೆ ಕೂದಲಿನಂಥದೊಂದು, ಕಂದು ಬಣ್ಣದ್ದು, ಸುರುಳಿಯಾಗಿ ಬಂತು. ಹುಣಸೆಹಣ್ಣಿನ ನಾರು. ಅವನು ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದ. ಸುತ್ತ ಕೂತವರಲ್ಲಿ ಒಬ್ಬರಿಗೂ ತೋರಿಸಲಿಲ್ಲ. ಲುಂಗಿಗೆ ಒರೆಸಿಕೊಂಡ.

ಹನಿ ನಿಂತಿತು. ಒಂದು ಕಾಗದದ ಚೂರನ್ನು ಕೊಳವೆಯ ಕೆಳಗೆ ಇಟ್ಟು ಎಲ್ಲರೂ ಕಾದರು. ಕಾಗದ ಒಣಗಿಯೇ ಇತ್ತು. ತೀರ್ಥ ತಡವಾಗಿ ಹಿಡಿಯಿತು ಎಂದು ಎದುರುಮನೆಯವನು ಹೇಳಿದ. ಅದು ತಮಾಷೆಯಲ್ಲ, ಅವನು ಹಾಗೇ ನಂಬಿದ್ದ. ದೊಡ್ಡಪ್ಪ ಹೌದೆಂದ. ಅಣ್ಣ ಏನೂ ಹೇಳಲಿಲ್ಲ. ಆ ಸುಮ್ಮನಿರುವಿಕೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯೆನಿಸಿತು. ಎಲೆಯಡಿಕೆಯ ಉಗುಳಿಗಿಂತ, ಉಬ್ಬಿದ ರಬ್ಬರಿಗಿಂತ. ಆ ನಾರನ್ನು ಒಂದು ಸಲ ಮೇಲೆತ್ತಿ ಹಿಡಿದಿದ್ದರೆ ಸಾಕಿತ್ತು.

ಬುಧವಾರ ಇನ್ನೂ ಮಂಜು ಕರಗುವ ಮುಂಚೆ ಅವನು ಗಾಡಿಯನ್ನು ಅಂಗಳಕ್ಕೆ ಇಳಿಸಿ ಹೊತ್ತಿಸಿದ. ಆ ಸದ್ದಿಗೆ ಅಕ್ಕಪಕ್ಕದವರು ಹೊರಗೆ ಬಂದರು. ಒಗೆದ ಅಂಗಿ, ತಲೆಗೆ ಎಣ್ಣೆ, ಹಣೆಯ ಮೇಲೆ ವಿಭೂತಿ. ಹಿಂದಿನ ಸೀಟಿನ ಮೇಲೆ ಟವಲ್ ಹಾಸಿದ್ದ. ಅತ್ತಿಗೆ ಹೊರಗೆ ಬಂದಳು. ಕೈಯಲ್ಲಿ ವೈರಿನ ಬುಟ್ಟಿ, ಅದರಲ್ಲಿ ಅವಳ ಚೊಂಬು, ಚೊಂಬಿನಲ್ಲಿ ಬೆಣ್ಣೆ.

"ಅತ್ತು, ಇಂದ್ಕ ಕೂತ್ಕೊ," ಎಂದ ಅಣ್ಣ.

ಅವಳು ಗಾಡಿಯ ಹತ್ತಿರ ಹೋಗಲಿಲ್ಲ. ಅಂಗಳದ ಅಂಚಿನಲ್ಲಿ ನಿಂತು, ಎಂಜಿನ್ನಿನ ಸದ್ದಿನಲ್ಲಿ ಕೇಳುವಷ್ಟೇ ಗಟ್ಟಿಯಾಗಿ ಹೇಳಿದಳು.

"ನಾ ಬಸ್ಸಲ್ಲೇ ಓಯ್ತೀನಿ. ದಾರೀಲಿ ಸೋರುದ್ರ ಯಾರ್ ಮುಟ್ಟುದ್ರು ಅಂತ ಮತ್ತ ಕೇಳ್ಬೇಕಾಯ್ತದ."

ಅಣ್ಣನ ಕೈ ಆಕ್ಸಿಲರೇಟರಿನ ಮೇಲೆಯೇ ಇತ್ತು, ಎಂಜಿನ್ ಒಂದು ಸಲ ಜೋರಾಗಿ ಕೂಗಿ ತಗ್ಗಿತು. ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವ್ವ, ಅಲ್ಲಿಯವರೆಗೂ ಕಂಬಕ್ಕೆ ಒರಗಿ ನಿಂತಿದ್ದವಳು, ಒಂಟಿ ಹೆಂಗಸು ಹೋಗುವುದು ಬೇಡ, ನೀನೂ ಜೊತೆಗೆ ಹೋಗು ಎಂದು ನನಗೆ ಹೇಳಿದಳು. ಹೇಳಿ ತಕ್ಷಣ ಒಳಗೆ ಹೋದಳು. ಅವಳು ಯಾಕೆ ಹಾಗೆ ಹೇಳಿದಳೆಂದು ನಾನು ಕೇಳಲಿಲ್ಲ.

"ಓಗು ಬುಡು," ಎಂದ ಅಣ್ಣ, ನನ್ನನ್ನೂ ಅವಳನ್ನೂ ನೋಡದೆ. ಊರಿನ ಎದುರು ಬೇರೆ ಏನು ಹೇಳಬಹುದಿತ್ತು. ಗಾಡಿಯನ್ನು ಆರಿಸಲಿಲ್ಲ. ನಾವು ಬಸ್ಸು ನಿಲ್ಲುವ ಜಾಗ ಮುಟ್ಟುವವರೆಗೂ ಆ ಸದ್ದು ಹಿಂದಿನಿಂದ ಕೇಳುತ್ತಿತ್ತು.

ಬಸ್ಸಿನಲ್ಲಿ ಬೀಡಿಯ ವಾಸನೆ, ಆಡಿನ ವಾಸನೆ, ಯಾರದೋ ತಲೆಯ ಹರಳೆಣ್ಣೆ. ತಾಳವಾಡಿಯಲ್ಲಿ ಬಸ್ಸು ಬದಲಿಸಿದೆವು. ಅತ್ತಿಗೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ದಾರಿಯಲ್ಲಿ ಒಮ್ಮೆ ಮಾತ್ರ ಮಾತಾಡಿದಳು, ಬೆಣ್ಣೆಯಲ್ಲೂ ವಾಸನೆ ಬಂದಿದೆಯೇ ನೋಡು ಎಂದು. ನಾನು ನೋಡಿದೆ. ಇಲ್ಲ ಎಂದೆ. ಬಂದಿತ್ತು.

ಕ್ಯಾಂಪು ಒಂದು ಛತ್ರದಲ್ಲಿ. ನೆಲದ ಮೇಲೆ ಸಾಲಾಗಿ ಚಾಪೆ, ಚಾಪೆಗಳ ಮೇಲೆ ಸಾಲಾಗಿ ಪಟ್ಟಿ ಕಟ್ಟಿದ ಮುದುಕ ಮುದುಕಿಯರು. ಡೆಟ್ಟಾಲ್, ಮೂತ್ರ, ಹುಳಿಯನ್ನ. ಅತ್ತಿಗೆಯ ತಾಯಿ ಗೋಡೆಗೆ ಒರಗಿ ಕೂತಿದ್ದಳು. ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅತ್ತಿಗೆ ಹೋಗಿ ಅವಳ ಕೈ ಹಿಡಿದಳು. ಮುದುಕಿ ಆ ಕೈಯನ್ನು ಎರಡೂ ಕೈಯಿಂದ ತಡವಿ, ಮೂಗಿನ ಹತ್ತಿರ ಎಳೆದುಕೊಂಡಳು. ಪಟ್ಟಿಯ ಕೆಳಗೆ ಅವಳ ಬಾಯಿ ಅಗಲವಾಯಿತು.

"ಗಾಡೀಲಿ ಬಂದ್ಯಾ ಮಗ? ವಾಸ್ನ ಬತ್ತಾ ಅದ."

ಅತ್ತಿಗೆ ನನ್ನ ಕಡೆ ಒಂದು ಸಲ ನೋಡಿದಳು. "ಊಂ ಕಣವ್ವ, ಗಾಡೀಲೇ," ಎಂದಳು.

ಮುದುಕಿ ಪಕ್ಕದ ಚಾಪೆಯವಳಿಗೆ, ಅದರಾಚೆಯವಳಿಗೆ, ಅಳಿಯ ಮೋಟಾರ್ ಸೈಕಲ್ಲಿನಲ್ಲಿ ಮಗಳನ್ನು ಕರೆತಂದ ಎಂದು ಹೇಳಿದಳು. ಬೇಕಾದರೆ ಮೂಸಿ ನೋಡು ಎಂದು ಮಗಳ ಕೈಯನ್ನು ಅವರ ಕಡೆ ಚಾಚಿದಳು. ಕಣ್ಣು ಕಟ್ಟಿದ ಇಬ್ಬರು ಮುದುಕಿಯರು ನಿಜವಾಗಿಯೂ ಮೂಸಿ ನೋಡಿ ತಲೆದೂಗಿದರು. ಅತ್ತಿಗೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಪಟ್ಟಿ ಬಿಚ್ಚಿದಾಗ ಅವಳು ಎದುರಿಗೇ ಕೂತಿದ್ದಳು. ನಾನು ಆ ಕಣ್ಣಿನ ನೇರಕ್ಕೆ ಬಾರದಂತೆ ಕಂಬದ ಪಕ್ಕಕ್ಕೆ ಸರಿದೆ. ಹಳದಿಯಾಗಿ ಅಂಟಿದ ಹತ್ತಿಯನ್ನು ನರ್ಸು ಒದ್ದೆ ಮಾಡಿ ತೆಗೆದಳು. ಕೆಂಪಾದ ಕಣ್ಣು ನೀರು ಸುರಿಸುತ್ತ ತೆರೆಯಿತು, ಮುಚ್ಚಿತು, ತೆರೆಯಿತು. ಬಹಳ ಹೊತ್ತು ಮಗಳ ಮುಖದ ಮೇಲೆ ನಿಂತಿತು.

"ಯಾಕ್ ಮಗ ಇಷ್ಟ್ ಸೊರ್ಗೋಗಿದ್ದಿ," ಎಂದಳು ಮುದುಕಿ.

ಅತ್ತಿಗೆಗೆ ಆಗ ಅಳು ಬಂತು. ನಾನು ಹೊರಗಿನ ನಲ್ಲಿಗೆ ಹೋಗಿ, ಅಲ್ಲಿಟ್ಟಿದ್ದ ಕೆಂಪು ಸೋಪಿನಲ್ಲಿ ಕೈ ತೊಳೆದುಕೊಂಡೆ. ಮೂಸಿ ನೋಡಿದೆ. ಮತ್ತೆ ತೊಳೆದೆ.